ಒಂದೇ ಕ್ಯಾಟ್ 5ಇ ಕೇಬಲ್‌ನಲ್ಲಿ ಫೋನೂ ನೆಟ್ಟೂ: ನೀಲಿ ಜೋಡಿಯ ಲೆಕ್ಕ

ಪ್ರಶ್ನೆ: ಕಟಪಾಡಿಯಲ್ಲಿ ನಮ್ಮದು ಮುರಕಲ್ಲಿನ ಹಳೇ ಮನೆ. ಮೇಲೆ ತಾರಸಿ ಹಾಕಿ ಒಂದು ಕೋಣೆ ಕಟ್ಟಿದ್ದೇವೆ. ಫೈಬರ್ ಆ ಕೋಣೆಗೇ ಬಂದಿದೆ, ಫೈಬರಿನ ಸಿಗ್ನಲನ್ನು ನೆಟ್‌ಗೂ ಫೋನಿಗೂ ಬದಲಿಸಿಕೊಡುವ ಓಎನ್‌ಟಿ ಪೆಟ್ಟಿಗೆಯೂ ಅಲ್ಲೇ. ಅಲ್ಲಿಂದ ಕೆಳಗೆ ಚಾವಡಿಗೆ ಗೋಡೆಯೊಳಗಿನ ಪೈಪಿನಲ್ಲಿ ಒಂದೇ ಒಂದು ಕ್ಯಾಟ್ 5ಇ ಕೇಬಲ್ ಇಳಿದಿದೆ, ಸುಮಾರು 20 ಮೀಟರ್. ಚಾವಡಿಯಲ್ಲಿ ಕಂಪ್ಯೂಟರಿಗೆ ನೆಟ್ ಬೇಕು, ಅಮ್ಮನಿಗೆ ಲ್ಯಾಂಡ್‌ಲೈನೂ ಬೇಕು. ಮುಂಬೈಯ ನೆಂಟರೆಲ್ಲ ಆ ನಂಬರಿಗೇ ಮಾಡುವುದು. ಕಾರ್ಡ್‌ಲೆಸ್ ಇಟ್ಟು ನೋಡಿದೆವು, ಚಾವಡಿಗೆ ಬಂದರೆ ಮಾತು ತುಂಡಾಗುತ್ತದೆ. ಪೈಪಿನಲ್ಲಿ ಇನ್ನೊಂದು ಕೇಬಲ್ ಇಳಿಯುವುದಿಲ್ಲ ಎನ್ನುತ್ತಾರೆ ಎಲೆಕ್ಟ್ರಿಷಿಯನ್. ಒಂದೇ ಕೇಬಲ್‌ನಲ್ಲಿ ಎರಡನ್ನೂ ಕಳಿಸಬಹುದೇ? ಪ್ಲಾನ್ 100 ಎಂಬಿಪಿಎಸ್.

ಉತ್ತರ: ಕಳಿಸಬಹುದು. ನಿಮ್ಮ ಪ್ಲಾನ್ 100ಕ್ಕೇ ನಿಂತಿರುವುದರಿಂದ ವೇಗದಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ ಎನ್ನುವಷ್ಟು ಕಡಿಮೆ. ಪ್ಲಾನ್ 200 ಅಥವಾ 300 ಆಗಿದ್ದರೆ ಬೇಡ ಎನ್ನುತ್ತಿದ್ದೆ.

ಆದರೆ ಗೋಡೆಯ ಪೆಟ್ಟಿಗೆ ಬಿಚ್ಚುವ ಮೊದಲು ಒಂದು ಸಾಧ್ಯತೆ ನೋಡಿ. ಕಂಬದಿಂದ ಬಂದ ಫೈಬರನ್ನು ಹೊರಗೋಡೆಯ ಮೇಲೆಯೇ ಕ್ಲಿಪ್ ಹೊಡೆದು ಚಾವಡಿಯವರೆಗೆ ಇಳಿಸಲು ಆಗುತ್ತದೆಯೇ? ಆಗುವುದಾದರೆ ಓಎನ್‌ಟಿಯನ್ನೇ ಕೆಳಗೆ ತರಿಸಿ. ಫೋನ್ ನೇರವಾಗಿ ಅದಕ್ಕೇ ಸಿಕ್ಕಿಸಿದರಾಯಿತು, ಗೋಡೆಯೊಳಗಿನ ಕೇಬಲ್ ಪೂರ್ತಿ ನೆಟ್‌ಗೆ ಉಳಿಯುತ್ತದೆ, ಅದೇ ಕೇಬಲ್ ಮೇಲಿನ ಕೋಣೆಗೆ ಗಿಗಾಬಿಟ್ (1000 ಎಂಬಿಪಿಎಸ್) ಒಯ್ಯುತ್ತದೆ. ಮಾಡಿನ ಇಳಿಜಾರು, ಮರದ ಪಕ್ಕಾಸು ಅಡ್ಡ ಬಂದು ಅದು ಕಷ್ಟವೆಂದಾದರೆ ಮಾತ್ರ ಮುಂದಿನದನ್ನು ಓದಿ.

ಹಳೇ ಕೇಬಲನ್ನೇ ಹಗ್ಗವಾಗಿಸಿ ಅದಕ್ಕೆ ಎರಡು ಹೊಸ ಕೇಬಲ್ ಕಟ್ಟಿ ಎಳೆಯುವ ಸಲಹೆ ಯಾರಾದರೂ ಕೊಟ್ಟಾರು. 20 ಮಿ.ಮೀ. ಪೈಪಿನಲ್ಲಿ 5 ಮಿ.ಮೀ. ದಪ್ಪದ ಎರಡು ಕೇಬಲಿಗೆ ಲೆಕ್ಕದ ಪ್ರಕಾರ ಜಾಗ ಇದೆ. ಆದರೆ ಚೂಪು ಎಲ್ಬೋ ಹಾಕಿದ ಕಡೆ, ಸಾರಣೆ ಮಾಡುವಾಗ ಸಿಮೆಂಟು ನೀರು ಒಳಗೆ ಇಳಿದು ಗಟ್ಟಿಯಾದ ಕಡೆ, ಲೆಕ್ಕ ನಡೆಯುವುದಿಲ್ಲ. ನಡುವೆ ಸಿಕ್ಕಿಕೊಂಡರೆ ಹೊಸದೂ ಬರುವುದಿಲ್ಲ, ಹಳೆಯದೂ ಹೋಗುತ್ತದೆ. ನಿಮ್ಮ ಎಲೆಕ್ಟ್ರಿಷಿಯನ್ ಹೇಳಿದ್ದನ್ನು ನಂಬಿ.

ಎರಡು ಜೋಡಿ ಸಾಕು ಎನ್ನುವುದು ಹೇಗೆ

ಕ್ಯಾಟ್ 5ಇ ಕೇಬಲ್ ಒಳಗೆ ಎಂಟು ತಂತಿ, ನಾಲ್ಕು ಜೋಡಿ: ಕಿತ್ತಳೆ, ಹಸಿರು, ನೀಲಿ, ಕಂದು. ಪ್ರತಿ ಬಣ್ಣದ ಜೊತೆಗೆ ಅದೇ ಬಣ್ಣದ ಗೆರೆಯಿರುವ ಬಿಳಿ ತಂತಿ ಹೆಣೆದುಕೊಂಡಿರುತ್ತದೆ. 1990ರಲ್ಲಿ ಬಂದ 10 ಎಂಬಿಪಿಎಸ್ ಈಥರ್ನೆಟ್ಟೂ (ಕೇಬಲಿನ ಮೂಲಕ ನಡೆಯುವ ನೆಟ್) 1995ರಲ್ಲಿ ಬಂದ 100 ಎಂಬಿಪಿಎಸ್‌ದೂ ಇವುಗಳಲ್ಲಿ ಎರಡೇ ಜೋಡಿ ಬಳಸುತ್ತವೆ: ಸಾಕೆಟ್ಟಿನ 1–2 ಮತ್ತು 3–6ನೇ ಪಿನ್. ನಟ್ಟನಡುವಿನ 4–5 ಖಾಲಿ. ಟೆಲಿಫೋನ್ ಪ್ಲಗ್ಗಿನಲ್ಲಿ ಲೈನ್ ಬರುವುದು ನಡುವಿನ ಎರಡು ಪಿನ್‌ಗಳಲ್ಲೇ. ಬಣ್ಣಗಳನ್ನು ಪಿನ್‌ಗಳಿಗೆ ಕೂರಿಸಲು ಎ, ಬಿ ಎಂದು ಎರಡು ಕ್ರಮ ಇವೆ. ಬಿ ಕ್ರಮದಲ್ಲಿ ವೈರಿಂಗ್ ಮಾಡಿದ್ದರೂ ಎ ಕ್ರಮದಲ್ಲಿ ಮಾಡಿದ್ದರೂ 4–5ರಲ್ಲಿ ಕೂರುವುದು ನೀಲಿ ಜೋಡಿಯೇ. ಅವೆರಡರ ವ್ಯತ್ಯಾಸ ಇರುವುದು ಕಿತ್ತಳೆ–ಹಸಿರು ಅದಲುಬದಲಾಗುವುದರಲ್ಲಿ. ಹಾಗಾಗಿ ಫೋನಿಗೆ ನೀಲಿ, ನೆಟ್‌ಗೆ ಕಿತ್ತಳೆ ಮತ್ತು ಹಸಿರು. ಕಂದು ಜೋಡಿ ಹೆಚ್ಚುವರಿ, ನಾಳೆ ನೀಲಿ ಕೈಕೊಟ್ಟರೆ ಉಪಯೋಗಕ್ಕೆ ಬರುತ್ತದೆ.

1999ರಲ್ಲಿ ಬಂದ ಗಿಗಾಬಿಟ್ ಮಾತ್ರ ನಾಲ್ಕೂ ಜೋಡಿ ಕೇಳುತ್ತದೆ. ನೀಲಿಯನ್ನು ಫೋನಿಗೆ ಕೊಟ್ಟ ಕ್ಷಣಕ್ಕೆ ಆ ಕೇಬಲ್ 100ರ ಕೇಬಲ್ ಆಯಿತು. ಫೈಲ್ ಇಳಿಸುವಾಗ ಸ್ಪೀಡ್ ಟೆಸ್ಟಿನಲ್ಲಿ 94ರ ಆಸುಪಾಸು ಕಂಡರೆ ಅದೇ ಪೂರ್ಣ ವೇಗ. ಮಾಹಿತಿ ಹೋಗುವುದು ಪ್ಯಾಕೆಟ್ ಎಂಬ ಸಣ್ಣ ಸಣ್ಣ ತುಂಡುಗಳಾಗಿ; ಉಳಿದ ಆರು ಆ ಪ್ಯಾಕೆಟ್ಟುಗಳ ಹೊದಿಕೆಗೆ ಹೋಗುತ್ತದೆ.

ಎರಡೂ ಒಂದೇ ಕವಚದೊಳಗೆ ಓಡಿದರೆ ಒಂದಕ್ಕೊಂದು ತೊಂದರೆ ಕೊಡುವುದಿಲ್ಲವೇ? ಮಾತಿನ ಸಿಗ್ನಲ್ 300ರಿಂದ 3400 ಹರ್ಟ್ಸ್ ಒಳಗೆ. ಈಥರ್ನೆಟ್‌ನ ಬಲವೆಲ್ಲ ಮೆಗಾಹರ್ಟ್ಸ್‌ಗಳಲ್ಲಿ, ಕಿವಿಗೂ ಫೋನಿಗೂ ಅದು ನಿಲುಕದು. ಗಮನಿಸಬೇಕಾದ್ದು ರಿಂಗ್. ಫೋನ್ ಸುಮ್ಮನಿರುವಾಗ ಲೈನಿನಲ್ಲಿ 48 ವೋಲ್ಟಿನಷ್ಟು ಡಿಸಿ ಇರುತ್ತದೆ. ಗಂಟೆ ಬಾರಿಸುವಾಗ ಅದರ ಮೇಲೆ 20–25 ಹರ್ಟ್ಸಿನ, 60–90 ವೋಲ್ಟಿನ ಎಸಿ ಬರುತ್ತದೆ. ಜೋಡಿಗಳ ಹೆಣಿಗೆ ಸರಿಯಿದ್ದರೆ ಇದು ಪಕ್ಕದ ಜೋಡಿಗೆ ದಾಟುವುದು ಅತ್ಯಲ್ಪ. ರಿಂಗ್ ಶುರುವಾಗುವ, ನಿಲ್ಲುವ ಗಳಿಗೆಯಲ್ಲಿ ಒಂದೆರಡು ಪ್ಯಾಕೆಟ್ ಕೆಟ್ಟರೂ ಕಂಪ್ಯೂಟರ್ ತಾನೇ ಮತ್ತೆ ಕೇಳಿ ತರಿಸಿಕೊಳ್ಳುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ.

ನೀಲಿ ಜೋಡಿ ನೆಟ್ ಸಾಕೆಟ್ಟಿಗೆ ಹೋಗಲೇಬಾರದು

ಹೆಚ್ಚಿನವರು ಎಡವುವುದು ಇಲ್ಲಿ. ‘ಈಥರ್ನೆಟ್ 4–5 ಬಳಸುವುದಿಲ್ಲವಲ್ಲ, ಹಾಗಾದರೆ ಎಂಟೂ ತಂತಿಯನ್ನು ಆರ್‌ಜೆ45ಕ್ಕೆ (ಎಂಟು ಪಿನ್ನಿನ ನೆಟ್ ಸಾಕೆಟ್ಟಿಗೆ) ಹೊಡೆದು, ಅಲ್ಲಿಂದಲೇ ನೀಲಿಗೆ ಒಂದು ಟ್ಯಾಪ್ ತೆಗೆದರೆ ಸಾಕು’ ಎಂದುಕೊಳ್ಳುತ್ತಾರೆ. ಬಳಸದ ಪಿನ್ ಎಂದರೆ ಒಳಗೆ ಏನೂ ಇಲ್ಲದ ಪಿನ್ ಎಂದಲ್ಲ. 10/100ರ (10 ಮತ್ತು 100 ಎಂಬಿಪಿಎಸ್ ಮಾತ್ರ ಬಲ್ಲ) ಬಹಳಷ್ಟು ಸಾಧನಗಳಲ್ಲಿ 4 ಮತ್ತು 5ನ್ನು ಒಳಗೇ ಒಂದಕ್ಕೊಂದು ಸೇರಿಸಿ 75 ಓಮ್ ರೆಸಿಸ್ಟರ್ ಮೂಲಕ ಒಂದು ಕೆಪಾಸಿಟರಿಗೆ ಕಟ್ಟಿರುತ್ತಾರೆ, ಗದ್ದಲ ತಗ್ಗಲಿ ಎಂದು. ಅಂಥ ಸಾಧನದ ಕೇಬಲ್ ಸಿಕ್ಕಿಸಿದ ಕೂಡಲೇ ಫೋನ್ ಲೈನಿನ ಎರಡು ತಂತಿ ಶಾರ್ಟ್ ಆದ ಹಾಗೆ. ಓಎನ್‌ಟಿಗೆ ಯಾರೋ ರಿಸೀವರ್ ಎತ್ತಿಟ್ಟ ಹಾಗೆ ಕಾಣುತ್ತದೆ. ಹೊರಗಿನವರಿಗೆ ಸದಾ ಎಂಗೇಜ್, ನಿಮಗೆ ಡಯಲ್ ಟೋನ್ ಇಲ್ಲ. ಗಿಗಾಬಿಟ್ ಸಾಧನವಾದರೆ 4–5ರಲ್ಲಿ ಟ್ರಾನ್ಸ್‌ಫಾರ್ಮರಿನ ಸುರುಳಿಯೇ ಇರುತ್ತದೆ, ಡಿಸಿಗೆ ಅದೂ ಶಾರ್ಟೇ. ಪೋರ್ಟ್ ಸುಟ್ಟರೂ ಸುಟ್ಟೀತು.

ಆದ್ದರಿಂದ ಎರಡೂ ತುದಿಯಲ್ಲಿ ನೀಲಿ ಜೋಡಿ ಕೇಬಲಿನಿಂದ ಹೊರಬಂದ ಕಡೆಯಲ್ಲೇ ಕವಲೊಡೆದು ಅದರದ್ದೇ ಆದ ಆರ್‌ಜೆ11 ಸಾಕೆಟ್ಟಿಗೆ (ಫೋನಿನ ಸಣ್ಣ ಸಾಕೆಟ್) ಹೋಗಬೇಕು. ಆರ್‌ಜೆ45 ಸಾಕೆಟ್ಟಿನ 4, 5, 7, 8 ಖಾಲಿ. ಫೋನಿಗೂ ಆರ್‌ಜೆ45 ಸಾಕೆಟ್ಟನ್ನೇ ಹಾಕಿ ‘ಹೇಗೂ ಸಣ್ಣ ಪ್ಲಗ್ ಅದರಲ್ಲಿ ಕೂರುತ್ತದೆ’ ಎನ್ನುವುದು ಬೇಡ. ಕೂರುತ್ತದೆ ನಿಜ, ಆದರೆ ಪ್ಲಗ್ಗಿನ ಅಂಚು 1 ಮತ್ತು 8ನೇ ಪಿನ್‌ಗಳನ್ನು ಒತ್ತಿ ಬಗ್ಗಿಸುತ್ತದೆ. ಸಾಲದ್ದಕ್ಕೆ ರಜೆಗೆ ಬಂದವರು ಯಾರೋ ಅದಕ್ಕೇ ಲ್ಯಾಪ್‌ಟಾಪ್ ಸಿಕ್ಕಿಸುತ್ತಾರೆ.

ಮೊದಲು ಕೇಬಲಿನ ಆರೋಗ್ಯ

ನಮ್ಮ ಕರಾವಳಿಯಲ್ಲಿ ಹತ್ತು ವರ್ಷ ಗೋಡೆಯೊಳಗಿದ್ದ ಕೇಬಲನ್ನು ಅಳೆಯದೆ ನಂಬಬಾರದು. ಮಳೆಗಾಲದಲ್ಲಿ ಮುರಕಲ್ಲು ನೀರು ಹೀರುತ್ತದೆ, ಗಾಳಿಯಲ್ಲಿ ಉಪ್ಪು, ಪೆಟ್ಟಿಗೆಯೊಳಗೆ ಇರುವೆ. ಸಾಮಾನ್ಯ ಮಲ್ಟಿಮೀಟರ್ ಸಾಕು.

ಎರಡೂ ತುದಿಯಲ್ಲಿ ಎಲ್ಲವನ್ನೂ ಬಿಚ್ಚಿ. ಮೇಲೆ ಒಂದೊಂದೇ ಜೋಡಿಯ ಎರಡು ತಂತಿಯನ್ನು ತಿರುಚಿ ಸೇರಿಸಿ, ಕೆಳಗೆ ಓಮ್ ಅಳೆಯಿರಿ. ತಾಮ್ರದ 24 ಗೇಜ್ ತಂತಿ 100 ಮೀಟರಿಗೆ ಹೆಚ್ಚೆಂದರೆ 9.4 ಓಮ್, 20 ಮೀಟರ್ ಹೋಗಿ ಬರುವ ದಾರಿ 40 ಮೀಟರ್, ಅಂದರೆ ಹತ್ತಿರಹತ್ತಿರ 4 ಓಮ್. ಮೀಟರಿನ ಸ್ವಂತ ವೈರಿನ ಅಂಶವನ್ನು ಕಳೆಯಿರಿ. ನಾಲ್ಕೂ ಜೋಡಿ ಒಂದೇ ಥರ ತೋರಿಸಬೇಕು. ಎಲ್ಲವೂ 6 ಓಮ್ ಸುತ್ತ ಬಂದರೆ ನಿಮ್ಮದು ತಾಮ್ರ ಲೇಪಿಸಿದ ಅಲ್ಯುಮಿನಿಯಂ. ತಂತಿಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. 20 ಮೀಟರಿಗೆ ಅದೂ ನಡೆಯುತ್ತದೆ, ಆದರೆ ಎರಡು ಸಲ ಬಗ್ಗಿಸಿದರೆ ಮುರಿಯುತ್ತದೆ, ಹಾಗಾಗಿ ಒಂದೇ ಸಲಕ್ಕೆ ಸರಿಯಾಗಿ ಕೂರಿಸಿ. ಒಂದು ಜೋಡಿ ಮಾತ್ರ 15–20 ಓಮ್ ತೋರಿಸಿದರೆ ಎಲ್ಲೋ ತಂತಿ ಅರ್ಧ ಕಡಿದಿದೆ ಅಥವಾ ಪೈಪಿನ ನಡುವೆ ಯಾರೋ ಜಾಯಿಂಟ್ ಹಾಕಿದ್ದಾರೆ; ಆ ಜೋಡಿ ನೆಟ್‌ಗೆ ಬೇಡ. ಅದು ಕಿತ್ತಳೆಯೋ ಹಸಿರೋ ಆಗಿದ್ದರೆ ಅದರ ಜಾಗಕ್ಕೆ ಕಂದನ್ನು ತನ್ನಿ, ಎರಡೂ ತುದಿಯಲ್ಲಿ ಒಂದೇ ಥರ.

ಇನ್ನೊಂದು ಅಳತೆ: ಸೇರಿಸಿದ್ದನ್ನು ಬಿಡಿಸಿ, ಮೀಟರಿನ ಅತಿ ದೊಡ್ಡ ಓಮ್ ರೇಂಜಿನಲ್ಲಿ ನೀಲಿಗೂ ಅದರ ಬಿಳಿಗೂ ನಡುವೆ, ಆಮೇಲೆ ನೀಲಿಗೂ ಉಳಿದ ಪ್ರತಿ ತಂತಿಗೂ ನಡುವೆ ನೋಡಿ. ಏನೂ ತೋರಿಸಬಾರದು. ಕೆಲವು ನೂರು ಕಿಲೋ ಓಮ್ ಬಂದರೆ ತೇವ ಇಳಿದಿದೆ; ಇಂಥ ಲೈನಿನಲ್ಲಿ ಜುಲೈ ತಿಂಗಳಲ್ಲಿ ಫೋನ್ ಗೊರಗುಡುತ್ತದೆ, ಡಿಸೆಂಬರಿನಲ್ಲಿ ತಾನಾಗಿ ಸರಿಯಾಗುತ್ತದೆ. ಹೆಚ್ಚಾಗಿ ತಪ್ಪು ತುದಿಯ ಪೆಟ್ಟಿಗೆಯಲ್ಲಿರುತ್ತದೆ. ಹಸಿರು ಕಿಲುಬು ಕಟ್ಟಿದ ತುದಿಯನ್ನು ಕತ್ತರಿಸಿ ಹೊಸ ತಾಮ್ರ ಬಿಡಿಸಿಕೊಂಡು ಮತ್ತೆ ಅಳೆಯಿರಿ.

ಇದೇ ಹೊತ್ತಿನಲ್ಲಿ ಪೈಪ್ ಯಾವುದೆಂದೂ ನೋಡಿಕೊಳ್ಳಿ. 230 ವೋಲ್ಟಿನ ಕರೆಂಟ್ ವೈರ್ ಅದೇ ಪೈಪಿನಲ್ಲಿದ್ದರೆ ಈ ಕೆಲಸ ಅಲ್ಲಿಗೇ ನಿಲ್ಲಿಸಿ.

ಸಾಮಾನು ಮತ್ತು ಜೋಡಣೆ

ಒಂದು ತುದಿಗೆ ಎರಡು ಮಾಡ್ಯೂಲಿನ ಒಂದು ಪ್ಲೇಟು ಮತ್ತು ಪೆಟ್ಟಿಗೆ, ಒಂದು ಆರ್‌ಜೆ45, ಒಂದು ಆರ್‌ಜೆ11. ಎರಡು ತುದಿಗೆ ಇದರ ಇಮ್ಮಡಿ. ಸ್ವಿಚ್‌ಬೋರ್ಡ್ ಮಾರುವ ಅಂಗಡಿಯಲ್ಲೇ ಈ ಸಾಕೆಟ್ಟುಗಳು ಸಿಗುತ್ತವೆ. ಮೂರು ಪ್ಯಾಚ್ ಕಾರ್ಡ್ (ಎರಡೂ ತುದಿಗೆ ಪ್ಲಗ್ ಇರುವ ಗಿಡ್ಡ ನೆಟ್ ಕೇಬಲ್), ಎರಡು ಫೋನ್ ಕಾರ್ಡ್ (ಅಂಥದೇ ಫೋನ್ ಕೇಬಲ್), ಪಂಚ್‌ಡೌನ್ ಟೂಲ್ (ತಂತಿಯನ್ನು ಸಾಕೆಟ್ಟಿನ ಹಲ್ಲಿಗೆ ಒತ್ತಿ ಕೂರಿಸುವ ಉಪಕರಣ), ಎಂಟು ದೀಪದ ಕೇಬಲ್ ಟೆಸ್ಟರ್. ಮತ್ತು ಚಾವಡಿಗೆ 5 ಪೋರ್ಟಿನ 10/100 ಸ್ವಿಚ್ (ಒಂದು ನೆಟ್ ಕೇಬಲನ್ನು ಹಲವು ಸಾಧನಗಳಿಗೆ ಹಂಚುವ ಪೆಟ್ಟಿಗೆ) ಒಂದು. ಗಿಗಾಬಿಟ್ ಸ್ವಿಚ್ ಅಲ್ಲ, ಬೇಕೆಂದೇ ಅಗ್ಗದ್ದು. ಕಾರಣ ಮುಂದೆ ಬರುತ್ತದೆ.

ಹೊರಕವಚವನ್ನು 5–6 ಸೆಂ.ಮೀ. ಮಾತ್ರ ಸುಲಿಯಿರಿ. ಕಿತ್ತಳೆ ಮತ್ತು ಹಸಿರು ಜೋಡಿಗಳ ಹೆಣಿಗೆ ಬಿಚ್ಚುವುದು ಸಾಕೆಟ್ಟಿನ ಹಲ್ಲಿಗೆ ಕೂರುವಷ್ಟು, ಅರ್ಧ ಇಂಚಿಗಿಂತ ಹೆಚ್ಚು ಬೇಡ. ಬಿ ಕ್ರಮದಲ್ಲಿ: ಬಿಳಿ-ಕಿತ್ತಳೆ 1, ಕಿತ್ತಳೆ 2, ಬಿಳಿ-ಹಸಿರು 3, ಹಸಿರು 6. ಸಾಕೆಟ್ಟಿನ ಹಿಂಭಾಗದಲ್ಲಿ ಹಲ್ಲುಗಳು ಸಂಖ್ಯೆಯ ಕ್ರಮದಲ್ಲಿ ಇರುವುದಿಲ್ಲ, ಅಲ್ಲಿ ಅಂಟಿಸಿದ ಬಣ್ಣದ ಚೀಟಿಯ ಬಿ ಸಾಲನ್ನು ನೋಡಿ ಹೊಡೆಯಿರಿ. ನೀಲಿ ಮತ್ತು ಬಿಳಿ-ನೀಲಿಯನ್ನು ಆರ್‌ಜೆ11ರ ನಡುವಿನ ಎರಡು ಟರ್ಮಿನಲಿಗೆ. ಯಾವುದು ಎಡ, ಯಾವುದು ಬಲ ಎಂಬುದು ಈಗಿನ ಫೋನುಗಳಿಗೆ ಮುಖ್ಯವಲ್ಲ, ಆದರೂ ಎರಡೂ ಕಡೆ ಒಂದೇ ಥರ ಇರಲಿ. ಆರ್‌ಜೆ11 ಸ್ಕ್ರೂ ಟರ್ಮಿನಲಿನದಾದರೆ ತಂತಿಯನ್ನು ಸ್ಕ್ರೂ ತಿರುಗುವ ದಿಕ್ಕಿಗೇ ಸುತ್ತಿ ಬಿಗಿ ಮಾಡಿ. ಕಂದು ಜೋಡಿಯನ್ನು ಕತ್ತರಿಸಬೇಡಿ, ಕವಚದ ಮೇಲೆ ಹಿಂದಕ್ಕೆ ಸುತ್ತಿ ಟೇಪ್ ಹಾಕಿ. ನೀಲಿಯನ್ನೂ ನಾಲ್ಕು ಬೆರಳು ಹೆಚ್ಚು ಉದ್ದ ಬಿಡಿ.

ಮೇಲೆ: ಓಎನ್‌ಟಿಯ ಫೋನ್ ಪೋರ್ಟಿನಿಂದ ಆರ್‌ಜೆ11ಕ್ಕೆ, ಲ್ಯಾನ್ ಪೋರ್ಟಿನಿಂದ ಆರ್‌ಜೆ45ಕ್ಕೆ. ಕೆಳಗೆ: ಆರ್‌ಜೆ11ರಿಂದ ಫೋನಿಗೆ, ಆರ್‌ಜೆ45ರಿಂದ 10/100 ಸ್ವಿಚ್ಚಿಗೆ, ಸ್ವಿಚ್ಚಿನಿಂದ ಕಂಪ್ಯೂಟರಿಗೆ. ಫೋನ್ ಲೈನಿಗೆ ಕೈಹಾಕುವಾಗ ಓಎನ್‌ಟಿ ಆಫ್ ಇರಲಿ. 48 ವೋಲ್ಟ್ ಕೈಗೆ ಗೊತ್ತಾಗದಿರಬಹುದು, ಅಷ್ಟರಲ್ಲಿ ಮುಂಬೈಯಿಂದ ಕರೆ ಬಂದರೆ ಚೆನ್ನಾಗಿಯೇ ಗೊತ್ತಾಗುತ್ತದೆ.

ಅಗ್ಗದ ಸ್ವಿಚ್ ಯಾಕೆ

ಓಎನ್‌ಟಿಯ ಪೋರ್ಟೂ ಗಿಗಾಬಿಟ್, ಕಂಪ್ಯೂಟರೂ ಗಿಗಾಬಿಟ್ ಎಂದಿಟ್ಟುಕೊಳ್ಳಿ. ಎರಡೂ ಮೊದಲು ವೇಗದ ಮಾತುಕತೆ ನಡೆಸುತ್ತವೆ, ಆ ಮಾತುಕತೆಗೆ 1–2, 3–6 ಎರಡು ಜೋಡಿಯೇ ಸಾಕು. ‘ನಾನು ಸಾವಿರ’, ‘ನಾನೂ ಸಾವಿರ’ ಎಂದು ಒಪ್ಪಂದವಾಗುತ್ತದೆ. ಆಮೇಲೆ ನಾಲ್ಕು ಜೋಡಿಯಲ್ಲಿ ಶುರು ಮಾಡಲು ಹೋದರೆ ಎರಡು ಜೋಡಿ ಇಲ್ಲ. ಲಿಂಕ್ ಬೀಳುತ್ತದೆ, ಮತ್ತೆ ಮಾತುಕತೆ, ಮತ್ತೆ ಅದೇ ಒಪ್ಪಂದ. ಪೋರ್ಟಿನ ದೀಪ ಕೆಲವು ಸೆಕೆಂಡಿಗೊಮ್ಮೆ ಮಿನುಗಿ ಆರುತ್ತದೆ, ಕಂಪ್ಯೂಟರ್ ‘ಕೇಬಲ್ ಸಿಕ್ಕಿಸಿಲ್ಲ’ ಎನ್ನುತ್ತದೆ. ಕೆಲವು ಚಿಪ್‌ಗಳು ನಾಲ್ಕಾರು ಸಲ ಸೋತ ಮೇಲೆ ತಾವಾಗಿ 100ಕ್ಕೆ ಇಳಿಯುತ್ತವೆ, ಕೆಲವಕ್ಕೆ ಆ ಬುದ್ಧಿ ಇಲ್ಲ. ಎಲ್ಲ ಸರಿಯಾಗಿ ಹೊಡೆದ ಮೇಲೂ ‘ಈ ಕೆಲಸ ಆಗುವುದಿಲ್ಲ’ ಎಂದು ಬಿಟ್ಟುಬಿಡುವವರು ಇಲ್ಲೇ ಬಿಡುವುದು.

ಒಂದು ಪರಿಹಾರ ವಿಂಡೋಸ್‌ನಲ್ಲಿದೆ: ಡಿವೈಸ್ ಮ್ಯಾನೇಜರ್, ನೆಟ್‌ವರ್ಕ್ ಅಡಾಪ್ಟರ್, ಅಡ್ವಾನ್ಸ್ಡ್ ಟ್ಯಾಬ್, ಸ್ಪೀಡ್ ಅಂಡ್ ಡ್ಯೂಪ್ಲೆಕ್ಸ್, ಅಲ್ಲಿ 100 ಫುಲ್ ಡ್ಯೂಪ್ಲೆಕ್ಸ್. ಇದರಲ್ಲೊಂದು ಅಪಾಯ ಇದೆ. ಹೀಗೆ ಕಟ್ಟಿಹಾಕಿದಾಗ ಕೆಲವು ಡ್ರೈವರ್‌ಗಳು ಮಾತುಕತೆಯನ್ನೇ ನಿಲ್ಲಿಸಿಬಿಡುತ್ತವೆ. ಆಗ ಆ ಕಡೆಯ ಓಎನ್‌ಟಿ ವೇಗ 100 ಎಂದು ಊಹಿಸಬಲ್ಲುದು, ಫುಲ್ಲೋ (ಎರಡೂ ಕಡೆಗೆ ಏಕಕಾಲಕ್ಕೆ) ಹಾಫೋ (ಒಂದು ಸಲಕ್ಕೆ ಒಂದೇ ಕಡೆಗೆ) ಎಂದು ಊಹಿಸಲಾರದು. ನಿಯಮದಂತೆ ಹಾಫ್ ಹಿಡಿಯುತ್ತದೆ. ಈ ಕಡೆ ಫುಲ್, ಆ ಕಡೆ ಹಾಫ್. ಪಿಂಗ್ ಚೆನ್ನಾಗಿಯೇ ಹೋಗುತ್ತದೆ, ದೊಡ್ಡ ಫೈಲ್ ಮಾತ್ರ ತೆವಳುತ್ತದೆ. ಲಿಂಕ್ 100 ತೋರಿಸುತ್ತಿದ್ದು ಸ್ಪೀಡ್ ಟೆಸ್ಟ್ ಒಂದಂಕಿಗೆ ಇಳಿದರೆ ಮೊದಲ ಅನುಮಾನ ಇದರ ಮೇಲಿರಲಿ.

10/100 ಸ್ವಿಚ್ ನಡುವೆ ಕೂತರೆ ಈ ರಗಳೆಯೇ ಇಲ್ಲ. ಅದಕ್ಕೆ ಸಾವಿರ ಎನ್ನಲು ಬರುವುದೇ ಇಲ್ಲ, ಓಎನ್‌ಟಿ ಮೊದಲ ಮಾತಿಗೇ 100 ಫುಲ್‌ಗೆ ಒಪ್ಪುತ್ತದೆ. ಕಂಪ್ಯೂಟರಿನ ಸೆಟ್ಟಿಂಗ್ ಮುಟ್ಟಬೇಕಾಗಿಲ್ಲ, ಟಿವಿಗೂ ಒಂದು ಪೋರ್ಟ್ ಸಿಗುತ್ತದೆ.

ಕೆಟ್ಟರೆ ಎಲ್ಲಿ ಹುಡುಕುವುದು

ನೆಟ್ ಕೇಬಲ್ ಸಿಕ್ಕಿಸಿದಾಗ ಡಯಲ್ ಟೋನ್ ಹೋಗುತ್ತದೆ, ತೆಗೆದರೆ ಬರುತ್ತದೆ: ಯಾವುದೋ ತುದಿಯಲ್ಲಿ ನೀಲಿ ಇನ್ನೂ ಆರ್‌ಜೆ45ರಲ್ಲಿದೆ.

ಫೋನ್ ರಿಂಗ್ ಆದಾಗಲೆಲ್ಲ ನೆಟ್ ಕಡಿದು ಬರುತ್ತದೆ: ಜೋಡಿ ಒಡೆದಿದೆ. 3 ಮತ್ತು 6ಕ್ಕೆ ಹಸಿರಿನ ಎರಡು ತಂತಿ ಹೋಗುವ ಬದಲು ಒಂದು ಹಸಿರಿನದು, ಇನ್ನೊಂದು ನೀಲಿಯದೋ ಕಂದಿನದೋ ಹೋಗಿರುತ್ತದೆ. ಎರಡೂ ತುದಿಯಲ್ಲಿ ಇದೇ ತಪ್ಪಾಗಿದ್ದರೆ ಎಂಟು ದೀಪದ ಟೆಸ್ಟರ್ ಎಲ್ಲ ಸರಿ ಎನ್ನುತ್ತದೆ, ಯಾಕೆಂದರೆ ಅದು ನೋಡುವುದು ತಂತಿ ಕೂಡಿದೆಯೇ ಎಂದಷ್ಟೆ, ಯಾವುದು ಯಾವುದರ ಜೊತೆ ಹೆಣೆದಿದೆ ಎಂದಲ್ಲ. ಅದನ್ನು ಕಣ್ಣಲ್ಲೇ ನೋಡಬೇಕು. ಮಬ್ಬು ಬೆಳಕಿನಲ್ಲಿ ಬಿಳಿ-ಕಂದು, ಬಿಳಿ-ಕಿತ್ತಳೆ ಒಂದೇ ಥರ ಕಾಣುತ್ತವೆ. ಹಳೇ ಕೇಬಲಿನಲ್ಲಿ ಗೆರೆ ಮಾಸಿದ್ದರಂತೂ ಹೇಳುವುದೇ ಬೇಡ. ಕವಚದಿಂದ ಹೊರಬಂದ ಕ್ಷಣದಲ್ಲೇ ಜೋಡಿಜೋಡಿಯಾಗಿ ಬೇರೆ ಹಿಡಿದು, ಆಮೇಲೆ ಹೆಣಿಗೆ ಬಿಚ್ಚಿ.

ಡಯಲ್ ಟೋನೇ ಇಲ್ಲ: ಫೋನ್ ತೆಗೆದು ಕೆಳಗಿನ ಆರ್‌ಜೆ11ರಲ್ಲಿ ಡಿಸಿ ಅಳೆಯಿರಿ. 40–50 ವೋಲ್ಟ್ ಇದ್ದು, ಫೋನ್ ಸಿಕ್ಕಿಸಿ ರಿಸೀವರ್ ಎತ್ತಿದಾಗ 10ರ ಆಸುಪಾಸಿಗೆ ಇಳಿದರೆ ಲೈನ್ ಸರಿಯಿದೆ, ತೊಂದರೆ ಓಎನ್‌ಟಿಯ ವಾಯ್ಸ್ ಸೆಟ್ಟಿಂಗಿನಲ್ಲಿ, ಕಂಪನಿಗೆ ಹೇಳಿ. ಸೊನ್ನೆ ಬಂದರೆ ಓಎನ್‌ಟಿಯ ಪೋರ್ಟಿನಲ್ಲೇ ಅಳೆದು ನೋಡಿ.

ಹಳೇ ತಾಮ್ರದ ಲೈನನ್ನು ಬೇರ್ಪಡಿಸಿ

ನಿಮ್ಮದು ಹಳೇ ಮನೆಯಾದ್ದರಿಂದ ಇದನ್ನು ಒತ್ತಿ ಹೇಳಬೇಕು. ಕಂಬದಿಂದ ಬರುತ್ತಿದ್ದ ತಾಮ್ರದ ಟೆಲಿಫೋನ್ ವೈರ್ ಇನ್ನೂ ಚಾವಡಿಯ ಹಳೇ ಡಬ್ಬಿಯಲ್ಲಿ ಇದ್ದರೆ, ಆ ಡಬ್ಬಿಗೂ ಹೊಸ ನೀಲಿ ಜೋಡಿಗೂ ಸಂಬಂಧ ಇಡಬೇಡಿ. ಆ ಕಡೆ ಎಕ್ಸ್‌ಚೇಂಜಿನ ವೋಲ್ಟೇಜ್ ಇನ್ನೂ ಇದ್ದರೆ ಓಎನ್‌ಟಿಯ ಫೋನ್ ಪೋರ್ಟ್ ಹೋಗುತ್ತದೆ. ವೋಲ್ಟೇಜ್ ಇಲ್ಲದಿದ್ದರೂ ಅದು ಅಂಗಳ ದಾಟಿ ಬಂದ ಉದ್ದನೆಯ ಲೋಹದ ತಂತಿ. ಏಪ್ರಿಲ್–ಮೇ ತಿಂಗಳ ಸಿಡಿಲಿಗೂ ಅಕ್ಟೋಬರಿನ ಸಂಜೆ ಸಿಡಿಲಿಗೂ ಅದೇ ದಾರಿ. ಫೋನೂ ನೆಟ್ಟೂ ಒಂದೇ ಕವಚದಲ್ಲಿರುವಾಗ ಆ ದಾರಿಯಿಂದ ಬಂದದ್ದು ಪಕ್ಕದ ಜೋಡಿಗೆ ಹಾರಿ ಕಂಪ್ಯೂಟರನ್ನೂ ಓಎನ್‌ಟಿಯನ್ನೂ ಒಟ್ಟಿಗೆ ಒಯ್ಯಬಲ್ಲುದು. ಈಥರ್ನೆಟ್ ಪೋರ್ಟಿನ ಟ್ರಾನ್ಸ್‌ಫಾರ್ಮರ್ 1500 ವೋಲ್ಟಿನ ಪರೀಕ್ಷೆಗೆ ತಡೆಯುವಂತೆ ಮಾಡಿದ್ದು, ಸಿಡಿಲಿಗಲ್ಲ. ಹೊರಗೋಡೆಯಲ್ಲೇ ಆ ವೈರನ್ನು ಕತ್ತರಿಸಿ. ಇನ್ನೂ ತಾಮ್ರದ ಲೈನನ್ನೇ ಬಳಸುವ ಓದುಗರು ಹೀಗೆ ಕೇಬಲ್ ಹಂಚುವುದಾದರೆ ಲೈನ್ ಮನೆಯೊಳಗೆ ಬರುವಲ್ಲಿ ಗ್ಯಾಸ್ ಟ್ಯೂಬ್ ಅರೆಸ್ಟರ್ (ಸಿಡಿಲಿನ ವೋಲ್ಟೇಜನ್ನು ನೆಲಕ್ಕೆ ಇಳಿಸುವ ಸಾಧನ) ಹಾಕಿ ಅದನ್ನು ಮನೆಯ ಅರ್ತಿಂಗಿಗೆ ಸೇರಿಸಿರಬೇಕು.

ಫೈಬರ್ ಬಂದ ಮೇಲೆ ಸಿಡಿಲಿನ ಭಯವಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಕಂಬದಿಂದ ಮನೆಗೆ ಬರುವ ಹಲವು ಫೈಬರ್ ಡ್ರಾಪ್ ಕೇಬಲ್‌ಗಳಲ್ಲಿ ಭಾರ ಹೊರಲು ಒಂದು ಉಕ್ಕಿನ ತಂತಿ ಇರುತ್ತದೆ. ಅದನ್ನು ಹೊರಗಿನ ಕೊಕ್ಕೆಗೇ ಕಟ್ಟಿ ಕತ್ತರಿಸಿರಬೇಕು, ಓಎನ್‌ಟಿಯವರೆಗೆ ತಂದಿರಬಾರದು. ಒಮ್ಮೆ ನೋಡಿಕೊಳ್ಳಿ.

ಅಮ್ಮನ ಫೋನ್

ತಾಮ್ರದ ಲೈನಿನ ಕಾಲದಲ್ಲಿ ಕರೆಂಟು ಹೋದರೂ ಫೋನ್ ನಡೆಯುತ್ತಿತ್ತು, ವಿದ್ಯುತ್ ಎಕ್ಸ್‌ಚೇಂಜಿನಿಂದ ಬರುತ್ತಿತ್ತು. ಈಗ ಅದು ಬರುವುದು ಓಎನ್‌ಟಿಯಿಂದ, ಓಎನ್‌ಟಿಗೆ ನಿಮ್ಮ ಪ್ಲಗ್ಗಿನಿಂದ. ಇನ್ವರ್ಟರ್ ಲೈನ್ ಮೇಲಿನ ಕೋಣೆಗೆ ಇಲ್ಲದಿದ್ದರೆ ಅಡಾಪ್ಟರಿನ ಮೇಲೆ ಬರೆದ ವೋಲ್ಟ್–ಆಂಪಿಯರಿಗೆ (ಹೆಚ್ಚಾಗಿ 12 ವೋಲ್ಟ್) ಹೊಂದುವ ಸಣ್ಣ ಯುಪಿಎಸ್ ಓಎನ್‌ಟಿಗೆ ಕೊಡಿ. ಜೂನ್ ತಿಂಗಳಲ್ಲಿ ತೆಂಗಿನ ಗರಿ ಲೈನಿನ ಮೇಲೆ ಬಿದ್ದ ದಿನ ಉಪಯೋಗಕ್ಕೆ ಬರುತ್ತದೆ. ಕೆಳಗಿನ ಫೋನಿಗೆ ಬೇರೆ ವಿದ್ಯುತ್ ಬೇಡ, ಸಾದಾ ಬಟನ್ ಫೋನ್ ಆದರೆ. ಚಕ್ರ ತಿರುಗಿಸುವ ಹಳೇ ಫೋನನ್ನೇ ಇಡುವ ಆಸೆಯಿದ್ದರೆ ಮೊದಲೇ ಮೇಲೆ ಓಎನ್‌ಟಿಗೆ ಸಿಕ್ಕಿಸಿ ನೋಡಿ; ಬಂದ ಕರೆಗೆ ಗಂಟೆ ಬಾರಿಸಬಹುದು, ಹೊರಗೆ ಡಯಲ್ ಮಾಡಲು ಹಲವು ಓಎನ್‌ಟಿಗಳು ಚಕ್ರದ ಪಲ್ಸನ್ನು ಗುರುತಿಸುವುದಿಲ್ಲ.

ಈ ಕೇಬಲಿನ ಮೇಲೆ ಮುಂದೆ ಸಿಸಿಟಿವಿ ಕ್ಯಾಮೆರಾವನ್ನೋ ವೈಫೈ ಪೆಟ್ಟಿಗೆಯನ್ನೋ ಪಿಒಇ (ನೆಟ್ ಕೇಬಲಿನಲ್ಲೇ ವಿದ್ಯುತ್ತನ್ನೂ ಕಳಿಸುವ ವ್ಯವಸ್ಥೆ) ಮೂಲಕ ನಡೆಸುವ ಯೋಚನೆ ಬಂದರೆ ಎಚ್ಚರ. ಕೇಬಲಿಗೆ ವಿದ್ಯುತ್ ಸೇರಿಸುವ ಅಗ್ಗದ ಇಂಜೆಕ್ಟರುಗಳು ಅದನ್ನು ಕಳಿಸುವುದು 4–5 ಮತ್ತು 7–8ರಲ್ಲೇ. ನಿಮ್ಮ ಆರ್‌ಜೆ45ರಲ್ಲಿ ಆ ಪಿನ್‌ಗಳು ಖಾಲಿ, ಹಾಗಾಗಿ ಕ್ಯಾಮೆರಾ ಹೊತ್ತಿಕೊಳ್ಳುವುದಿಲ್ಲ. ಅದನ್ನು ಸರಿಮಾಡುತ್ತೇನೆಂದು ಬಂದವರು ನೀಲಿಯನ್ನು ಅಲ್ಲಿಗೆ ಹೊಡೆದರೆ ಇಂಜೆಕ್ಟರಿನ ವೋಲ್ಟೇಜ್ ನೇರ ಫೋನ್ ಪೋರ್ಟಿಗೆ. ಪ್ಲೇಟಿನ ಒಳಮೈಯಲ್ಲಿ ‘ನೀಲಿ = ಫೋನ್’ ಎಂದು ಮಾರ್ಕರಿನಲ್ಲಿ ಬರೆದಿಡಿ.

ಪ್ಲಾನ್ 100 ದಾಟಿದ ದಿನ ಕಂದು ಜೋಡಿ ಕತ್ತರಿಸದೆ ಉಳಿಸಿದ್ದು, ನೀಲಿಯನ್ನು ಉದ್ದ ಬಿಟ್ಟದ್ದು ಕೆಲಸಕ್ಕೆ ಬರುತ್ತದೆ. ಓಎನ್‌ಟಿ ಆಫ್ ಮಾಡಿ, ಎರಡೂ ತುದಿಯ ಆರ್‌ಜೆ11ರಿಂದ ನೀಲಿ ಬಿಡಿಸಿ, ನೀಲಿ 4, ಬಿಳಿ-ನೀಲಿ 5, ಬಿಳಿ-ಕಂದು 7, ಕಂದು 8 ಎಂದು ಆರ್‌ಜೆ45ಕ್ಕೆ ಹೊಡೆಯಿರಿ, 10/100 ಸ್ವಿಚ್ ತೆಗೆದು ಗಿಗಾಬಿಟ್‌ನದ್ದು ಇಡಿ. ಆಗ ಫೋನಿಗೆ ಉಳಿಯುವುದು ಫೈಬರನ್ನು ಹೊರಗೋಡೆಯಿಂದ ಕೆಳಗೆ ತರುವ ದಾರಿ, ಇಲ್ಲವೇ ಕಂಪನಿಯವರು ನಿಮ್ಮ ನಂಬರಿನ ಸಿಪ್ (ನೆಟ್ ಮೂಲಕ ಕರೆ ಜೋಡಿಸುವ ಪದ್ಧತಿ) ವಿವರ ಕೊಡುವುದಾದರೆ ಚಾವಡಿಯ ಸ್ವಿಚ್ಚಿಗೇ ಒಂದು ಐಪಿ ಫೋನ್.